ಮೊದಲ ಮಳೆಗೆ ಮುಂಚೆ ಹಳ್ಳದ ದಂಡೆ ನೋಡಿ

ನಮ್ಮ ಕಡೆ ಗುಡುಗು ಮಳೆ ಶುರುವಾಗೋದು ಏಪ್ರಿಲ್-ಮೇ ತಿಂಗಳಲ್ಲಿ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು ಸುತ್ತು ಜೋರಾಗಿ ಬರುತ್ತೆ. ಅರ್ಧ ಗಂಟೆ ಸುರಿದರೆ ಸಾಕು, ಹನೂರು ಕಡೆ ಉಡುತೊರೆ ಹಳ್ಳಕ್ಕೆ ಕೆಂಪು ನೀರು. ಯಳಂದೂರಿನಲ್ಲಿ ಸುವರ್ಣಾವತಿ, ಅಂದ್ರೆ ಹೊನ್ನುಹೊಳೆ, ಅದೂ ಹಾಗೇ. ಎರಡೂ ಸೇರೋದು ಕಾವೇರಿಯನ್ನೇ. ಆ ಕೆಂಪು ಬಣ್ಣ ನಿಮ್ಮ ಹೊಲದ ಮೇಲ್ಮಣ್ಣು. ಕಣ್ಣಿಗೆ ಕಾಣದೆ ಹೋಗೋದು ಇನ್ನೂ ಇದೆ.

ತಿಂಗಳುಗಟ್ಟಲೆ ಒಣಗಿದ ನೆಲದ ಮೇಲೆ ಬೀಳುವ ಮೊದಲ ಮಳೆ ಪೊರಕೆ ಇದ್ದ ಹಾಗೆ. ಹಳ್ಳದ ದಂಡೆಯಲ್ಲಿ ಹಾಕಿದ ತಿಪ್ಪೆ, ಊರ ಚರಂಡಿಯ ಕಸ, ಬದುವಿನಲ್ಲಿ ಬಿಸಾಕಿದ ಔಷಧಿ ಬಾಟ್ಲಿ ಎಲ್ಲವನ್ನೂ ಒಂದೇ ಸಲಕ್ಕೆ ಗುಡಿಸಿಕೊಂಡು ಹೋಗುತ್ತೆ. ಆದ್ದರಿಂದ ಕೆಲಸ ಮಾಡಬೇಕಾದ್ದು ಮಳೆಗೆ ಮುಂಚೆ.

ಯೂರಿಯಾ ವಿಷಯ ನೋಡಿ. 45 ಕೆ.ಜಿ. ಚೀಲದಲ್ಲಿ ಶೇ. 46 ಸಾರಜನಕ, ಅಂದ್ರೆ ಸುಮಾರು 20 ಕೆ.ಜಿ. ಇಳಿಜಾರಿನ ಮುಸುಕಿನ ಜೋಳಕ್ಕೆ ಮೇಲೆ ಎರಚಿ ಬಿಟ್ಟರೆ, ಅವತ್ತೇ ಸಂಜೆ ದೊಡ್ಡ ಮಳೆ ಬಂದರೆ, ನೀವು ಕಾಸು ಕೊಟ್ಟಿದ್ದು ಹಳ್ಳದ ಪಾಚಿಗೆ ಗೊಬ್ಬರ. ಮೋಡ ಕಟ್ಟಿದ್ದರೆ ಒಂದು ದಿನ ತಡೆಯಿರಿ. ಹಾಕಿದ ಮೇಲೆ ಮಣ್ಣು ಮುಚ್ಚಿ. ಗೊಬ್ಬರವನ್ನು ಎರಡು-ಮೂರು ಕಂತಿನಲ್ಲಿ ಕೊಡಿ.

ಔಷಧಿ ಟ್ಯಾಂಕನ್ನು ಹಳ್ಳದಲ್ಲೇ ತೊಳೆಯೋದು ನಾನು ಕಂಡ ಕೆಟ್ಟ ಅಭ್ಯಾಸಗಳಲ್ಲಿ ಮೊದಲನೆಯದು. ಖಾಲಿ ಬಾಟ್ಲಿಗೆ ಕಾಲು ಭಾಗ ನೀರು ತುಂಬಿ, ಚೆನ್ನಾಗಿ ಕುಲುಕಿ, ಆ ನೀರನ್ನು ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ಔಷಧಿಯೂ ಉಳಿಯಿತು. ಟ್ಯಾಂಕು ತೊಳೆದ ನೀರನ್ನು ಔಷಧಿ ಹೊಡೆದ ಬೆಳೆಗೇ ಹಾಕಿ. ಬಾಟ್ಲಿಗೆ ತೂತು ಹೊಡೆಯಿರಿ, ಇಲ್ಲಾಂದ್ರೆ ಯಾರೋ ಎಣ್ಣೆಗೆ ಇಟ್ಟುಕೊಳ್ಳುತ್ತಾರೆ. ತೊಳೆದ ನೀರು, ಖಾಲಿ ಡಬ್ಬಿಯಿಂದ ಜಲಮಾಲಿನ್ಯ ಆಗಬಾರದು ಅಂತ 1971ರ ಕೀಟನಾಶಕ ನಿಯಮಗಳಲ್ಲೇ ಇದೆ.

ಕೊಳ್ಳೇಗಾಲದ ರೇಷ್ಮೆ ಬೆಳೆಗಾರರಿಗೆ ಒಂದು ಮಾತು. ಹುಳು ಮನೆಗೆ ಬ್ಲೀಚಿಂಗ್ ಪುಡಿ ಬೇಕೇ ಬೇಕು, ಅದನ್ನು ಬಿಡಿ ಅನ್ನಲ್ಲ. ಆದರೆ ಕ್ಲೋರಿನ್ ಸ್ವಲ್ಪವೇ ಇದ್ದರೂ ಮೀನಿಗೆ ವಿಷ. ತೊಳೆದ ನೀರನ್ನು ಚರಂಡಿಗೆ ಬಿಡದೆ, ಬಾವಿ ಮತ್ತು ಹಳ್ಳದಿಂದ ದೂರ ಒಂದು ಗುಂಡಿ ತೋಡಿ ಅಲ್ಲಿಗೆ ಬಿಡಿ.

ಇಷ್ಟೆಲ್ಲ ಒಬ್ಬರೇ ಮಾಡಿದರೆ ಪ್ರಯೋಜನ ಕಡಿಮೆ. ಮೇಲಿನ ಹೊಲದವರಿಗೆ ಹಳ್ಳ ಕೆಟ್ಟರೆ ನಷ್ಟ ಕಾಣಲ್ಲ, ಕೆಳಗಿನವರ ದನ ಕುಡಿಯೋದು ಅದೇ ನೀರು, ಮೋಟಾರ್ ಇಟ್ಟಿರೋದೂ ಅಲ್ಲೇ. ಅದಕ್ಕೇ ಊರಿಗೊಂದು ಸಭೆ ಅನ್ನೋದಕ್ಕಿಂತ ಒಂದು ಹಳ್ಳಕ್ಕೆ ಒಂದು ಗುಂಪು ಮಾಡೋದು ವಾಸಿ ಅಂತ ನನ್ನ ಅಭಿಪ್ರಾಯ. ದಂಡೆಯ ಜಮೀನಿನವರೆಲ್ಲ ಒಂದು ಬೆಳಿಗ್ಗೆ ಹಳ್ಳದ ಗುಂಟ ನಡೆಯಿರಿ. ಎಲ್ಲಿ ತಿಪ್ಪೆ, ಎಲ್ಲಿ ಬಾಟ್ಲಿ ಗುಡ್ಡೆ, ಎಲ್ಲಿ ಬದು ಒಡೆದಿದೆ ಅಂತ ಬರೆದುಕೊಳ್ಳಿ. ಬೈದಾಡೋದು ಬೇಡ, ತಿಪ್ಪೆ ಎತ್ತಲು ಒಂದು ದಿನ ಟ್ರ್ಯಾಕ್ಟರ್ ಕೊಟ್ಟರೆ ಅರ್ಧ ಜಗಳ ಮುಗಿದಂತೆ.

ದಂಡೆಯ ಉದ್ದಕ್ಕೂ ಎರಡು-ಮೂರು ಮೀಟರ್ ಉಳುಮೆ ಬಿಟ್ಟು ಲಾವಂಚ ಅಥವಾ ನೇಪಿಯರ್ ಹುಲ್ಲು ಹಾಕಿ. ಹುಲ್ಲು ನೀರಿನ ವೇಗ ತಗ್ಗಿಸುತ್ತೆ, ಮಣ್ಣು ಅಲ್ಲೇ ಕೂರುತ್ತೆ. ರಂಜಕವೂ ಹೆಚ್ಚಾಗಿ ಮಣ್ಣಿಗೆ ಅಂಟಿಕೊಂಡೇ ಹೋಗೋದರಿಂದ ಅದೂ ಉಳಿಯುತ್ತೆ. "ಅಷ್ಟು ಜಾಗ ಹೋಯ್ತಲ್ಲ ಸ್ವಾಮಿ" ಅನ್ನುವವರಿಗೆ ನಾನು ಹೇಳೋದು, ನೇಪಿಯರ್ ಹಾಕಿ, ಹಸುವಿಗೆ ಮೇವು ಆಗುತ್ತೆ. ಆ ಪಟ್ಟಿಯಲ್ಲಿ ಮಾತ್ರ ಕಳೆನಾಶಕ ಹೊಡೆಯಬೇಡಿ.

ಒಡೆದ ಬದು, ಇಂಗುಗುಂಡಿ ಕೆಲಸವನ್ನು ಗ್ರಾಮಸಭೆಯಲ್ಲಿ ಕೇಳಿ ಪಂಚಾಯ್ತಿ ಕ್ರಿಯಾಯೋಜನೆಗೆ ಸೇರಿಸಿ. ಅರ್ಜಿಗೆ ಗುಂಪಿನ ಎಲ್ಲರ ಸಹಿ, ಸರ್ವೆ ನಂಬರ್ ಇರಲಿ. ಗೊಬ್ಬರದ ಪ್ರಮಾಣಕ್ಕೆ ಮಣ್ಣು ಪರೀಕ್ಷೆ ಆಗಬೇಕಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮಾದರಿಯನ್ನು ಗೊಬ್ಬರ ಹಾಕುವ ಮೊದಲೇ ತೆಗೆಯಿರಿ.