ಪರೋಪಜೀವಿಗಳು: ಒಂದೊಂದರದು ಒಂದೊಂದು ದಾರಿ



ಮಾವಿನ ಮರದ ಬಂದಳಿಕೆಯನ್ನು ನೀವೆಲ್ಲ ನೋಡಿದ್ದೀರಿ. ಎಲೆ ತನ್ನದೇ, ನೀರು ಮಾತ್ರ ಮರದ್ದು. ಕೋಗಿಲೆಯೋ ಮೊಟ್ಟೆಯಿಟ್ಟು, ಮರಿ ಸಾಕುವ ಕೆಲಸವನ್ನು ಕಾಗೆಗೆ ಬಿಡುತ್ತದೆ. ಹೀಗೆ ಇನ್ನೊಂದು ಜೀವಿಯನ್ನು ಆಶ್ರಯಿಸಿ, ಅದಕ್ಕೇ ನಷ್ಟ ಮಾಡಿ ಬದುಕುವವು ಪರೋಪಜೀವಿಗಳು. ನಿಮ್ಮ ಕೊಟ್ಟಿಗೆಯಲ್ಲೂ ಇವೆ.

ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ನೆಲಕ್ಕೆ ಉದುರಿ, ಗೋಡೆ, ಗೋದಲಿಗಳ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಹಸುವಿಗೆ ಮಾತ್ರ ಔಷಧಿ ಹಚ್ಚಿ ಕೊಟ್ಟಿಗೆಯನ್ನು ಬಿಟ್ಟರೆ ಅರ್ಧ ಕೆಲಸವೂ ಆದಂತಲ್ಲ. ಸೋಜಿಗವೆಂದರೆ, ಈ ಉಣ್ಣೆಯೊಳಗೇ ಇನ್ನೊಂದು ಪರೋಪಜೀವಿ ಅಡಗಿರಬಹುದು. ಥೈಲೇರಿಯಾ ಎಂಬ ಈ ಸೂಕ್ಷ್ಮಜೀವಿ ಉಣ್ಣೆ ಕಚ್ಚಿದಾಗ ಹಸುವಿನ ದೇಹ ಸೇರಿ, ಮೊದಲು ಬಿಳಿ ರಕ್ತಕಣಗಳಲ್ಲಿ, ಆಮೇಲೆ ಕೆಂಪು ಕಣಗಳಲ್ಲಿ ಬೆಳೆಯುತ್ತದೆ. ಮಿಶ್ರತಳಿ ಹಸುಗಳಿಗೆ ಇದು ಹೆಚ್ಚು ಮಾರಕ. 104 ಡಿಗ್ರಿ ದಾಟಿದ ಜ್ವರ, ಭುಜದ ಮುಂದೆ ಗಡ್ಡೆಯಂತೆ ಊದಿದ ಗ್ರಂಥಿ ಕಂಡರೆ ಅಂದೇ ವೈದ್ಯರನ್ನು ಕರೆಯಿರಿ. ಬುಪಾರ್ವಕ್ವೋನ್ ಚುಚ್ಚುಮದ್ದು ಬೇಗ ಬಿದ್ದರೆ ಹೆಚ್ಚಿನ ಹಸುಗಳು ಉಳಿಯುತ್ತವೆ. ನಾಲ್ಕು ದಿನ ಕಾದು ಹೇಳಿಕಳುಹಿಸಿದ ಮನೆಗಳಿಂದ ನಾನು ಕೈಚೆಲ್ಲಿ ಬಂದದ್ದೂ ಉಂಟು.

ಪಿತ್ತಜನಕಾಂಗದ ಚಪ್ಪಟೆ ಹುಳು ಕೆರೆಯಂಚಿನ ಬಸವನಹುಳುವಿನೊಳಗೆ ಬೆಳೆದು, ಹುಲ್ಲಿಗಂಟಿ ರಾಸಿನ ಹೊಟ್ಟೆ ಸೇರುತ್ತದೆ. ದವಡೆಯ ಕೆಳಗೆ ನೀರು ತುಂಬಿದಂತೆ ಊತ ಬಂದರೆ ಇದರ ಮೇಲೆ ಅನುಮಾನವಿರಲಿ.

ಎಮ್ಮೆ ಕರುಗಳ ದುಂಡುಹುಳುವಂತೂ ತಾಯಿಯ ಹಾಲಿನಲ್ಲೇ ಬರುತ್ತದೆ. ಹಾಗೆಂದು ಗಿಣ್ಣದ ಹಾಲು ತಪ್ಪಿಸಬೇಡಿ. ಎರಡು ವಾರದ ಹೊತ್ತಿಗೆ ವೈದ್ಯರು ಹೇಳಿದಷ್ಟು ಜಂತುನಾಶಕ ಕುಡಿಸಿ.

ದೊಡ್ಡ ರಾಸುಗಳಿಗೆ ಕಂಡಕಂಡ ಔಷಧಿ ಕುಡಿಸುವ ಮೊದಲು ಸಗಣಿ ಪರೀಕ್ಷೆ ಮಾಡಿಸಿ. ಬೆಂಕಿಪೆಟ್ಟಿಗೆಯಷ್ಟು ಹೊಸ ಸಗಣಿ ತಂದರೆ ಸಾಕು.