ಹುಲಿಯ ಬೇನೆಯೂ ನಮ್ಮ ಕೊಟ್ಟಿಗೆಯೂ

ಒಕ್ಕಲುತನದ ಪುಟದಲ್ಲಿ ಹುಲಿಯ ಮಾತೇಕೆಂದು ವಾಚಕ ಬಂಧುಗಳು ಕೇಳಬಹುದು. 2024ರ ಡಿಸೆಂಬರ ತಿಂಗಳಲ್ಲಿ ಯವತಮಾಳ ಜಿಲ್ಲೆಯ ಟಿಪೇಶ್ವರ ಅರಣ್ಯದ ಗಂಡುಹುಲಿಯೊಂದು ನಾನೂರು ಕಿಲೋಮೀಟರಿಗೂ ಹೆಚ್ಚು ದಾರಿ ನಡೆದು ಧಾರಾಶಿವ ಜಿಲ್ಲೆಯ ಯೆಡಶಿ ರಾಮಲಿಂಗಘಾಟ ಅಭಯಾರಣ್ಯಕ್ಕೆ ಬಂದಿತು. ನಮ್ಮ ಉಮರ್ಗಾ ತಾಲೂಕೂ ಅದೇ ಜಿಲ್ಲೆಯದು. ಹುಲಿಯೆಂದರೆ ಬಂಡೀಪುರ, ನಾಗರಹೊಳೆಗಳ ಮಾತೆಂದು ತಿಳಿದಿದ್ದ ನಮ್ಮ ಸಾಲಿಯ ಹುಡುಗರು ಕಣ್ಣರಳಿಸಿ ಕೇಳಿದರು. ಒಬ್ಬನಂತೂ, “ಸರ್, ಹುಲಿಗೂ ಬ್ಯಾನಿ ಬರ್ತದೇನ್ರಿ?” ಎಂದನು.

ಬರುತ್ತದೆ, ಅದರಲ್ಲಿ ಬಹಳಷ್ಟು ನಮ್ಮ ದನ, ನಾಯಿ, ಕೋಳಿಗಳಿಗೂ ಬರುವಂಥ ಬೇನೆಯೇ. ಆದುದರಿಂದಲೇ ಈ ಮಾತು ನಮ್ಮ ಪುಟಕ್ಕೆ ಸೇರಿತು.

ಅದೇ ಡಿಸೆಂಬರದ ಕೊನೆಯಲ್ಲಿ ನಾಗಪುರದ ಗೋರೆವಾಡಾ ವನ್ಯಪ್ರಾಣಿ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಸತ್ತವು. ಭೋಪಾಳದ ಪಶುರೋಗ ಸಂಸ್ಥೆಯ ಪರೀಕ್ಷೆಯಲ್ಲಿ ಅದು ಹಕ್ಕಿಜ್ವರವೆಂದು ತಿಳಿಯಿತು. ಕೆಲವೇ ದಿನಗಳಲ್ಲಿ, 2025ರ ಜನೇವರಿಯಲ್ಲಿ, ನಮ್ಮ ನೆರೆಯ ಉದಗೀರ ಪಟ್ಟಣದಲ್ಲಿ ಕಾಗೆಗಳು ಹತ್ತಾರು ಸತ್ತು ಬಿದ್ದವು. ಅವುಗಳಿಗೂ ಅದೇ ಬೇನೆ. ಹಕ್ಕಿಯ ಜ್ವರ ಹುಲಿಗೆ ತಗಲುವದು ಸಾಮಾನ್ಯವಾಗಿ ಹಸಿ ಮಾಂಸದಿಂದ. ಥಾಯ್ಲೆಂಡಿನ ಶ್ರೀರಾಚಾ ಎಂಬಲ್ಲಿ 2004ರ ಅಕ್ಟೋಬರದಲ್ಲಿ ಬೇನೆಯ ಕೋಳಿಯ ಹಸಿ ಮಾಂಸ ತಿಂದು ಬೇನೆ ಹಬ್ಬಿತು. ಅಲ್ಲಿಯ 441 ಹುಲಿಗಳಲ್ಲಿ ಸತ್ತವು ಮತ್ತು ಬದುಕಲಾರವೆಂದು ಕೊಲ್ಲಲಾದವು ಸೇರಿ 147 ಹೋದವು.

ಪಂಜರದ ಹುಲಿಗೂ ಅಡವಿಯ ಹುಲಿಗೂ ಇರುವ ಅಂತರವೇ ಇಲ್ಲಿದೆ. ಅಡವಿಯಲ್ಲಿ ಹುಲಿ ಒಂಟಿ ಸಂಚಾರಿ. ಒಂದಕ್ಕೆ ಬಂದ ಬೇನೆ ಇನ್ನೊಂದಕ್ಕೆ ದಾಟುವದು ಕಷ್ಟ. ಪಂಜರದಲ್ಲಿ ಒಂದೇ ಗಾಡಿಯ ಮಾಂಸ, ಒಂದೇ ಸಾಲಿನ ಮನೆ. ಒಂದರ ಬೇನೆ ಎಲ್ಲಕ್ಕೂ ಬೇನೆ. ಆದರೆ ಪಂಜರದ ಹುಲಿಗೆ ವೈದ್ಯನಿದ್ದಾನೆ. ಅಡವಿಯದಕ್ಕೆ ಕೋರೆಹಲ್ಲು ಮುರಿದರೂ, ಅಂಗಾಲಿನಲ್ಲಿ ಮುಳ್ಳುಹಂದಿಯ ಮುಳ್ಳು ನಟ್ಟು ಕೀವಾದರೂ ಮದ್ದು ಹಾಕುವವರಿಲ್ಲ. ಜಿಂಕೆಯ ಬೆನ್ನಟ್ಟಲಾರದ ಅಂಥ ಹುಲಿ ಕೆಲವೊಮ್ಮೆ ಊರ ದನಕ್ಕೆ ಬೀಳುತ್ತದೆ.

ಇನ್ನು ಸರ್ರಾ ಎಂಬ ಬೇನೆ. ರಕ್ತದಲ್ಲಿ ಈಸಾಡುವ ಸೂಕ್ಷ್ಮಜೀವಿಯಿಂದ ಇದು ಬರುತ್ತದೆ. ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು 1880ರಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಅದನ್ನು ಕಂಡುಹಿಡಿದನು. ಎತ್ತು, ಎಮ್ಮೆಗಳಿಗೂ ಇದು ಬರುತ್ತದೆ. ಜ್ವರ ಬಿಟ್ಟು ಬಿಟ್ಟು ಬರುವದು, ಪ್ರಾಣಿ ರಕ್ತಗುಂದಿ ಸೊರಗುವದು ಇದರ ಲಕ್ಷಣ. ಒಂದು ಪ್ರಾಣಿಯ ರಕ್ತ ಹೀರಿದ ದೊಡ್ಡ ಕಚ್ಚುನೊಣ ಇನ್ನೊಂದನ್ನು ಕಚ್ಚಿದಾಗ ಬೇನೆ ದಾಟುತ್ತದೆ. ಓಡಿಸಾದ ನಂದನಕಾನನ ಮೃಗಾಲಯದಲ್ಲಿ 2000ನೆಯ ಇಸವಿಯಲ್ಲಿ ಬಿಳಿಯವೂ ಸೇರಿ 12 ಹುಲಿಗಳು ಈ ಬೇನೆಯಿಂದ ಸತ್ತವು. ಅಂಥ ಬಲಿಷ್ಠ ಪ್ರಾಣಿಯನ್ನು ಕೆಡಹಲು ಒಂದು ನೊಣ ಸಾಕಾಯಿತು.

ಮೂರನೆಯದು ನಾಯಿಗಳ ಡಿಸ್ಟೆಂಪರ್. 2018ರಲ್ಲಿ ಗುಜರಾತದ ಗೀರ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು. ಅವುಗಳಲ್ಲಿ ಈ ಬೇನೆಯ ವಿಷಾಣುವೂ, ಉಣ್ಣೆಯಿಂದ ಹರಡುವ ಇನ್ನೊಂದು ಬೇನೆಯೂ ಕಂಡುಬಂದವು. ಡಿಸ್ಟೆಂಪರ್ ಹುಲಿಗೂ ತಗಲುತ್ತದೆ. ಅದು ತಲೆಗೇರಿದ ಹುಲಿಗೆ ಅಂಜಿಕೆ ಹೋಗಿ, ಹಗಲಿನಲ್ಲಿಯೇ ಜನರ ನಡುವೆ ಬಂದು ನಿಲ್ಲುವದೂ ಉಂಟು.

ಈಗ ನಮ್ಮ ತಪ್ಪನ್ನೂ ಹೇಳಬೇಕು. ಕಾಗೆಗಳ ಸುದ್ದಿ ಬಂದ ವಾರವೇ ನಮ್ಮ ಮನೆಯ ಮೂರು ಕೋಳಿಗಳು ಒಂದೇ ರಾತ್ರಿಯಲ್ಲಿ ಸತ್ತವು. “ಹಳ್ಳಕ್ಕ ಒಗದು ಬರ್ರಿ ಸರ್, ನಾಯಿ ತಿಂತಾವ” ಎಂದರು ನೆರೆಯವರು. ಹಿಂದೆ ನಾವೂ ಹಾಗೆ ಮಾಡಿದವರೇ. ಆ ದಿನ ಮಾತ್ರ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿದೆವು. ಆದರೆ ಪಶುವೈದ್ಯರಿಗೆ ತಿಳಿಸಲಿಲ್ಲ. ತಿಳಿಸಿದ್ದರೆ ಪರೀಕ್ಷೆಯಾಗಿ ಬೇನೆಯ ಹೆಸರು ಊರಿಗೆಲ್ಲ ಗೊತ್ತಾಗುತ್ತಿತ್ತು. ಹುಡುಗರಿಗೆ ಪಾಠ ಹೇಳುವವರೇ ಅರ್ಧ ಕೆಲಸ ಮಾಡಿದಂತಾಯಿತು.

ಆದುದರಿಂದ ಒಕ್ಕಲು ಬಂಧುಗಳು ಇಷ್ಟನ್ನು ಲಕ್ಷ್ಯದಲ್ಲಿಡಬೇಕು. ಕೋಳಿಯಾಗಲಿ ಕಾಗೆಯಾಗಲಿ ಗುಂಪಾಗಿ ಸತ್ತರೆ ಬರಿಗೈಯಿಂದ ಮುಟ್ಟಬಾರದು. ಮೊದಲು ಪಶುವೈದ್ಯಶಾಲೆಗೆ ತಿಳಿಸಬೇಕು, ಅವರು ಹೇಳಿದ ಮೇಲೆಯೇ ಆಳವಾಗಿ ಹೂಳಬೇಕು. ಚೆನ್ನಾಗಿ ಬೇಯಿಸಿದ ಕೋಳಿ, ತತ್ತಿಗಳಿಗೆ ಅಂಜಬೇಕಾಗಿಲ್ಲ. ಕೊಟ್ಟಿಗೆಯ ಸೆಗಣಿಯನ್ನು ದಿನವೂ ತಿಪ್ಪೆಗೆ ಸಾಗಿಸಿ ನೆಲ ಒಣಗಿಸಿದರೆ ನೊಣ ಕಡಿಮೆಯಾಗುತ್ತವೆ. ಉಣ್ಣೆಗೂ ಔಷಧ ಹಚ್ಚಬೇಕು. ಹೊಲ ಕಾಯುವ ನಾಯಿಗೆ ಹುಚ್ಚುನಾಯಿ ಬೇನೆಯ ಸೂಜಿಯ ಜೊತೆಗೆ ಡಿಸ್ಟೆಂಪರದ ಸೂಜಿಯನ್ನೂ ಹಾಕಿಸಬೇಕು.

ಕೊನೆಯ ಮಾತು. ಹುಲಿ ಆಕಳನ್ನು ಹಿಡಿದರೆ ಎದೆ ಉರಿಯುವದು ಸಹಜ. ಆಕಳು ಕಳೆದುಕೊಂಡ ಮನೆಯ ಸಂಕಟ ನಮಗೂ ಗೊತ್ತು. ಆದರೂ ಹೆಣಕ್ಕೆ ವಿಷ ಸವರಬಾರದು. 2025ರ ಜೂನದಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಹಾಗೆ ವಿಷವಿಟ್ಟ ಆಕಳ ಮಾಂಸ ತಿಂದು ತಾಯಿಹುಲಿ ಒಂದು, ಮರಿ ನಾಲ್ಕು ಸತ್ತವು. ಆ ವಿಷ ಊರ ನಾಯಿ, ಹದ್ದುಗಳನ್ನೂ ಬಿಡುವದಿಲ್ಲ; ಇಟ್ಟವನಿಗೆ ಸೆರೆಮನೆ ತಪ್ಪುವದಿಲ್ಲ. ಹೆಣವನ್ನು ಇದ್ದಲ್ಲಿಯೇ ಬಿಟ್ಟು ಕೂಡಲೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ಪಂಚನಾಮೆ ಮಾಡಿಸಿದರೆ ಸರಕಾರದ ಪರಿಹಾರ ದೊರೆಯುತ್ತದೆ.

ಆ ಹುಡುಗನಿಗೆ ನಾವು ಕೊಟ್ಟ ಉತ್ತರವೂ ಇಷ್ಟೇ: ಹುಲಿಗೆ ಬ್ಯಾನಿ ಬರ್ತದಪ್ಪ, ಬರದಂಗ ನೋಡೋದು ನಿಮ್ಮ ಮನಿ ಕೊಟ್ಟಿಗಿಯಿಂದನ ಸುರು.