ಯಂತ್ರ ನಿಂತ ಮೇಲೆ

೨೦೨೩ನೆಯ ಇಸವಿಯ ಮೇ ೩೦ರಂದು ಬೆಳಗಾವಿಯ ಸಾಂಬ್ರಾ ವಿಮಾನನಿಲ್ದಾಣದಿಂದ ಮೇಲೆದ್ದ ಒಂದು ಚಿಕ್ಕ ತರಬೇತಿ ವಿಮಾನವು ತಾಂತ್ರಿಕ ದೋಷದ ಮೂಲಕ ಹೊನ್ನಿಹಾಳದ ಸಮೀಪದ ಹೊಲದಲ್ಲಿ ಇಳಿಯಬೇಕಾಯಿತು. ಅದರಲ್ಲಿದ್ದ ಇಬ್ಬರೂ ಬದುಕಿದರು. ಎರಡು ದಿನಗಳ ತರುವಾಯ, ಜೂನ್ ೧ರಂದು, ಚಾಮರಾಜನಗರ ಜಿಲ್ಲೆಯಲ್ಲಿ ವಾಯುಪಡೆಯ ‘ಕಿರಣ್’ ತರಬೇತಿ ವಿಮಾನವೊಂದು ನೆಲಕ್ಕಪ್ಪಳಿಸಿತು. ಅದರೊಳಗಿದ್ದ ಇಬ್ಬರೂ ಪ್ಯಾರಾಶೂಟಿನ ಸಹಾಯದಿಂದ ಪಾರಾದರು. ಎರಡೂ ಸುದ್ದಿಗಳನ್ನು ಜನರು ಓದಿದರು, ದೇವರು ದೊಡ್ಡವನೆಂದರು, ಮರೆತರು. ಸತ್ತವರ ಸುದ್ದಿಗೆ ಇರುವ ಆಯುಷ್ಯವು ಬದುಕಿದವರ ಸುದ್ದಿಗೆ ಇರುವದಿಲ್ಲ. ಆದರೆ ಕಲಿಯತಕ್ಕ ಪಾಠವು ಬದುಕಿದವರಲ್ಲಿಯೇ ಹೆಚ್ಚಾಗಿದೆಯೆಂದು ನಾವು ಭಾವಿಸುತ್ತೇವೆ.

ಈ ಎರಡು ಪ್ರಸಂಗಗಳಲ್ಲಿ ಒಂದು ಮುಖ್ಯ ಭೇದವುಂಟು. ಸೈನ್ಯದ ಆ ವಿಮಾನದಲ್ಲಿ ವೈಮಾನಿಕನನ್ನು ಹೊರಕ್ಕೆ ಚಿಮ್ಮಿಸುವ ಆಸನವಿರುತ್ತದೆ. ನಾಗರಿಕ ಶಾಲೆಗಳ ಚಿಕ್ಕ ವಿಮಾನದಲ್ಲಿ ಅಂಥದೇನೂ ಇಲ್ಲ. ಅದರ ಯಂತ್ರವು ನಿಂತರೆ ಅದಕ್ಕೆ ಭೂಮಿಯೊಂದೇ ಗತಿ. ಆ ಭೂಮಿಯು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ರೈತನ ಹೊಲವೇ ಆಗಿರುತ್ತದೆ. ಕಾಗಿನೆಲೆಯಂಥ ಊರಿನಲ್ಲಿ ಕುಳಿತವರಿಗೆ ಆಕಾಶದ ಉಸಾಬರಿಯೇಕೆ ಎಂದು ಕೇಳುವವರಿಗೆ ಇದೇ ನಮ್ಮ ಉತ್ತರ. ಸಾಂಬ್ರಾದ ಸುತ್ತಿನ ಹೊಲಗಳಿಗೆ ಬಂದ ಅತಿಥಿಯು ನಾಳೆ ಬ್ಯಾಡಗಿಯ ಮೆಣಸಿನಕಾಯಿಯ ಹೊಲಕ್ಕೂ ಬರಬಹುದು.

ಯಂತ್ರವು ನಿಂತೊಡನೆ ವಿಮಾನವು ಕಲ್ಲಿನಂತೆ ಬೀಳುವದೆಂಬದು ಜನರಲ್ಲಿ ಬೇರೂರಿದ ತಪ್ಪು ತಿಳಿವಳಿಕೆ. ವಿಮಾನವನ್ನು ಎತ್ತಿ ಹಿಡಿಯುವದು ರೆಕ್ಕೆ. ಯಂತ್ರದ ಕೆಲಸವು ಅದನ್ನು ಮುಂದೆ ನೂಕುವದು. ನೂಕುವವನು ಕೈಬಿಟ್ಟಾಗ ವೈಮಾನಿಕನು ವಿಮಾನದ ಮೂತಿಯನ್ನು ತುಸು ತಗ್ಗಿಸಿ, ಇಳಿಜಾರಿನಲ್ಲಿ ಬಂಡಿ ಉರುಳಿದಂತೆ, ಎತ್ತರವನ್ನು ವ್ಯಯಮಾಡಿ ವೇಗವನ್ನು ಕೊಂಡುಕೊಳ್ಳುತ್ತಾನೆ. ತರಬೇತಿಯಲ್ಲಿ ಬಹುವಾಗಿ ಬಳಸುವ ಸೆಸ್ನಾ ೧೭೨ ವಿಮಾನವು ಗಾಳಿಯಿಲ್ಲದ ಹೊತ್ತಿನಲ್ಲಿ ಒಂದು ಕಿಲೋಮೀಟರು ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಕಿಲೋಮೀಟರು ಮುಂದೆ ಸಾಗಬಲ್ಲದು. ಕಾಗಿನೆಲೆಯ ಕೆರೆಯ ಮೇಲೆ ಸಾವಿರ ಮೀಟರು ಎತ್ತರದಲ್ಲಿ ಯಂತ್ರವು ನಿಂತಿತೆಂದು ಕಲ್ಪಿಸಿರಿ. ವೈಮಾನಿಕನಿಗೆ ದೊರೆಯುವ ಅವಧಿ ಸುಮಾರು ನಾಲ್ಕೂವರೆ ನಿಮಿಷ. ಹುಬ್ಬಳ್ಳಿಯ ವಿಮಾನನಿಲ್ದಾಣವನ್ನು ಮುಟ್ಟುವ ಮಾತಂತೂ ಇಲ್ಲ. ಅಷ್ಟರಲ್ಲಿಯೇ ಅವನು ಸುತ್ತಲಿನ ಹೊಲಗಳಲ್ಲಿ ಒಂದನ್ನು ಆರಿಸಬೇಕು.

ಈ ನಾಲ್ಕೂವರೆ ನಿಮಿಷಗಳಿಗೆ ಒಂದು ಕ್ರಮವುಂಟು. ಮೊದಲು ವೇಗವನ್ನು ಕಾಯ್ದುಕೊಳ್ಳುವದು. ಎರಡನೆಯದು ಸ್ಥಳವನ್ನು ನಿಶ್ಚಯಿಸುವದು. ಮೂರನೆಯದು, ಸಮಯವಿದ್ದರೆ, ಯಂತ್ರವು ನಿಂತ ಕಾರಣವನ್ನು ಹುಡುಕುವದು. ಒಂದು ತೊಟ್ಟಿಯ ತೈಲವು ತೀರಿರಬಹುದು. ತೈಲಕ್ಕೆ ಗಾಳಿ ಬೆರೆಸುವ ಕಾರ್ಬುರೇಟರಿನಲ್ಲಿ ಮಂಜುಗಡ್ಡೆ ಕಟ್ಟಿರಬಹುದು. ನಮ್ಮ ಬೆಚ್ಚಗಿನ ನಾಡಿನಲ್ಲಿ ಮಂಜುಗಡ್ಡೆಯೇ ಎಂದು ನಗಬೇಡಿರಿ. ತೇವವುಳ್ಳ ಹವೆಯಲ್ಲಿ, ಹೊರಗೆ ಸೆಕೆಯಿದ್ದಾಗಲೂ, ಅದು ಕಟ್ಟುವದುಂಟು. ಆ ಮೇಲೆ ರೇಡಿಯೋದಲ್ಲಿ ‘ಮೇಡೇ’ ಎಂದು ಮೂರು ಬಾರಿ ಕರೆಯುವದು. ಕಡೆಯಲ್ಲಿ ತೈಲವನ್ನೂ ವಿದ್ಯುತ್ತನ್ನೂ ನಿಲ್ಲಿಸಿ, ಸೊಂಟದ ಪಟ್ಟಿ ಬಿಗಿದು, ಪೆಟ್ಟಿನಿಂದ ಬಾಗಿಲು ಸಿಕ್ಕಿಬೀಳದಂತೆ ಅದರ ಚಿಲಕವನ್ನು ಮೊದಲೇ ತೆಗೆದು ಇಳಿಯುವದು.

ಗಾಳಿಗೆ ಎದುರಾಗಿ ಇಳಿಯಬೇಕೆಂಬ ನಿಯಮಕ್ಕೆ ಲೆಕ್ಕದ ಆಧಾರವಿದೆ. ಗಂಟೆಗೆ ೮೦ ಕಿಲೋಮೀಟರು ವೇಗದಿಂದ ಇಳಿಯುವ ವಿಮಾನವು ೨೦ ಕಿಲೋಮೀಟರಿನ ಗಾಳಿಗೆ ಎದುರಾದರೆ ನೆಲವನ್ನು ೬೦ರ ವೇಗದಲ್ಲಿ ಮುಟ್ಟುವದು. ಅದೇ ಗಾಳಿಯು ಬೆನ್ನಿಗಿದ್ದರೆ ೧೦೦ರ ವೇಗದಲ್ಲಿ. ಆಘಾತದ ಶಕ್ತಿಯು ವೇಗದ ವರ್ಗಕ್ಕೆ ಅನುಸಾರವಾಗಿರುವದರಿಂದ, ಎರಡನೆಯವನಿಗೆ ತಗಲುವ ಪೆಟ್ಟು ಹೆಚ್ಚುಕಡಿಮೆ ಮೂರು ಪಟ್ಟು. ಮೇಲೆದ್ದ ಕೂಡಲೇ ಯಂತ್ರವು ಕೈಕೊಟ್ಟರೆ ಹಿಂದಿರುಗಿ ನಿಲ್ದಾಣಕ್ಕೆ ಬರಬೇಕೆಂಬ ಆಸೆಯು ಇನ್ನೂ ಘಾತಕವಾದುದು. ಕಡಿಮೆ ಎತ್ತರದಲ್ಲಿ, ಕಡಿಮೆ ವೇಗದಲ್ಲಿ ತಿರುಗಿದ ವಿಮಾನದ ರೆಕ್ಕೆಯು ಎತ್ತುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಮುಂದಿದ್ದ ಹೊಲವನ್ನು ಒಪ್ಪಿದವನು ವಿಮಾನವನ್ನು ಕಳೆದುಕೊಂಡರೂ ಪ್ರಾಣವನ್ನು ಉಳಿಸಿಕೊಳ್ಳಬಹುದು. ಹಿಂದಿನ ನಿಲ್ದಾಣಕ್ಕೆ ಆಸೆಪಟ್ಟವನು ಎರಡನ್ನೂ ಕಳೆದುಕೊಂಡ ಉದಾಹರಣೆಗಳು ಬಹಳ.

ನಮ್ಮ ನೆಲದ ಗುಣವನ್ನೂ ವಿಚಾರಿಸಬೇಕು. ಬೇಸಿಗೆಯ ಬಯಲು ಹೊಲವು ವೈಮಾನಿಕನ ಮಿತ್ರ. ಮಳೆ ಬಿದ್ದ ಎರೆಭೂಮಿಯು ಗಾಲಿಯನ್ನು ಹಿಡಿದು ವಿಮಾನವನ್ನು ಬೋರಲಾಗಿ ಕೆಡಹಬಲ್ಲದು. ಆಳೆತ್ತರಕ್ಕೆ ಬೆಳೆದ ಗೋವಿನಜೋಳವು ಮೇಲಿಂದ ಹಸುರು ಹಾಸಿಗೆಯಂತೆ ಕಂಡರೂ ಅದರಡಿಯಲ್ಲಿ ಬದುವೂ ಬಂಡೆಯೂ ಅಡಗಿರುತ್ತವೆ. ಹಾವೇರಿ, ರಾಣೆಬೆನ್ನೂರುಗಳ ಮಗ್ಗುಲಲ್ಲಿ ಸಾಗುವ ಹೆದ್ದಾರಿಯು ಆಕರ್ಷಕವಾಗಿ ತೋರಬಹುದು. ಆದರೆ ಅಲ್ಲಿ ಲಾರಿಗಳುಂಟು, ಮೇಲಿಂದ ಕಾಣದ ವಿದ್ಯುತ್ತಿನ ತಂತಿಗಳುಂಟು.

ಈ ವಿದ್ಯೆಯು ನಮ್ಮ ಭಾಗಕ್ಕೆ ಹೊಸದಲ್ಲ. ೧೯೩೨ರ ಅಕ್ಟೋಬರ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ತಂದುದು ಒಂದೇ ಯಂತ್ರದ ‘ಪಸ್ ಮಾತ್’ ವಿಮಾನದಲ್ಲಿ. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟರು ಆ ಅಂಚೆಯನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಒಂದೇ ಯಂತ್ರವನ್ನು ನಂಬಿ ಹಾರುವವನು ಯಾವಾಗಲೂ ಕೆಳಗೊಂದು ಹೊಲವನ್ನು ಕಣ್ಣಿನಲ್ಲಿಟ್ಟುಕೊಂಡಿರಬೇಕು. ದೊಡ್ಡ ವಿಮಾನಗಳಿಗೂ ಈ ಶಿಕ್ಷಣವು ಬೇಕೆಂಬದನ್ನು ೨೦೦೯ರ ಜನವರಿ ೧೫ರಂದು ನ್ಯೂಯಾರ್ಕ್ ನಗರವು ಕಂಡಿತು. ಹಕ್ಕಿಗಳು ಬಡಿದು ಎರಡೂ ಯಂತ್ರಗಳು ಕೆಟ್ಟಾಗ ಕ್ಯಾಪ್ಟನ್ ಸಲೆನ್‌ಬರ್ಗರರು ಸುಮಾರು ಮೂರೂವರೆ ನಿಮಿಷಗಳಲ್ಲಿ ಹಡ್ಸನ್ ನದಿಯ ಮೇಲೆ ವಿಮಾನವನ್ನಿಳಿಸಿದರು. ೧೫೫ ಜನರೂ ಬದುಕಿದರು. ಲೋಕವು ಅದನ್ನು ಪವಾಡವೆಂದಿತು. ಅದು ಹಲವು ವರ್ಷಗಳ ಅಭ್ಯಾಸದ ಫಲವೆಂದು ನಾವು ಹೇಳುವೆವು.

ಹಾಗಾದರೆ ನೆಲದ ಮೇಲಿನವರ ಕರ್ತವ್ಯವೇನು? ವಿಮಾನವು ಹೊಲದಲ್ಲಿಳಿದರೆ ಮೊದಲು ಓಡಿಬರುವವನು ರೈತನು. ತೈಲವು ಸೋರುತ್ತಿರುವಲ್ಲಿ ಬೀಡಿಯ ಕಿಡಿಯೊಂದು ಸಾಕು, ಬದುಕಿದವರನ್ನು ಸುಡಲು. ಬೆಂಕಿಯ ಭಯವಿಲ್ಲದಿದ್ದರೆ ಗಾಯಾಳುವಿನ ಕುತ್ತಿಗೆ ಬೆನ್ನುಗಳನ್ನು ಎಳೆದಾಡದೆ ೧೧೨ಕ್ಕೆ ಕರೆಮಾಡಬೇಕು. ಮುರಿದ ಚೂರುಗಳನ್ನು ನೆನಪಿಗೆಂದು ಒಯ್ಯಬಾರದು. ೨೦೧೨ರಲ್ಲಿ ಸ್ಥಾಪಿತವಾದ ಕೇಂದ್ರ ಸರಕಾರದ ವಿಮಾನ ಅಪಘಾತ ತನಿಖಾ ಸಂಸ್ಥೆಗೆ ಅವೇ ಸಾಕ್ಷಿಗಳು. ಇನ್ನು ಅಧಿಕಾರಿಗಳಿಗೆ ನಮ್ಮ ಬಿನ್ನಹವಿಷ್ಟು: ಹೊಲವನ್ನು ತುಳಿಯುವದು ವಿಮಾನವೊಂದೇ ಅಲ್ಲ, ನೋಡಲು ನೆರೆದ ಜನಸಮೂಹವೂ ಹೌದು. ಆದುದರಿಂದ ಪೋಲೀಸರು ಕಾವಲು ಹಾಕಿದ ದಿನವೇ ತಹಸೀಲ್ದಾರರು ಬೆಳೆಯ ಪಂಚನಾಮೆಯನ್ನೂ ಮಾಡಿಸಲಿ. ಇಬ್ಬರ ಪ್ರಾಣಕ್ಕೆ ಆಸರೆಯಾದ ಹೊಲದ ಒಡೆಯನು ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವಂತಾಗಬಾರದು.

ವಿಮಾನಶಾಲೆಗಳಿಗೂ ಒಂದು ಮಾತು. ವಿದ್ಯಾರ್ಥಿಯ ಧೈರ್ಯವು ಯಂತ್ರದ ದುರಸ್ತಿಗೆ ಬದಲಿಯಾಗಲಾರದು. ಬದುಕಿ ಬಂದವನನ್ನು ಹೊಗಳಿ ಕಳಿಸಿಬಿಟ್ಟರೆ ಸಾಲದು. ನಡೆದುದನ್ನು ಅವನು ನಿರ್ಭಯವಾಗಿ ಹೇಳುವಂತೆಯೂ, ಶಾಲೆಯು ಅದನ್ನು ತಗ್ಗಿ ಕೇಳುವಂತೆಯೂ ಆಗಬೇಕು.

ರಣಭೂಮಿಯಲ್ಲಿ ಗಾಯಗೊಂಡು ಬದುಕಿದ ಬಳಿಕವೇ ಕನಕದಾಸರು ಕತ್ತಿಯನ್ನಿಳಿಸಿ ಬೇರೊಂದು ದಾರಿಯನ್ನು ಹಿಡಿದರೆಂಬ ಐತಿಹ್ಯವನ್ನು ಕಾಗಿನೆಲೆಯು ಕಾಪಾಡಿಕೊಂಡು ಬಂದಿದೆ. ಉಳಿದ ಪ್ರಾಣವು ಒಂದು ಋಣವೆಂಬದು ಅದರ ಅರ್ಥ. ಹೊನ್ನಿಹಾಳದ ಹೊಲದಿಂದ ಎದ್ದುಬಂದ ಇಬ್ಬರ ಋಣವನ್ನು ಅವರಷ್ಟೇ ಅಲ್ಲ, ಅವರಿಗೆ ಕಲಿಸುವವರೂ ಅವರನ್ನು ಆಳುವವರೂ ತೀರಿಸಬೇಕಾಗಿದೆ.